ಲಾರಿಗೆ ಡ್ಯಾಶ್‌ಕ್ಯಾಮ್: ಒಂದು ಕಣ್ಣೋ, ಎರಡೋ, ಸಿಮ್ ಇರುವುದೋ?
ನವಿ ಮುಂಬೈಯ ಕಳಂಬೋಲಿಯಿಂದ ಪುಣೆ, ಬೆಳಗಾವಿ ಕಡೆ ಲೋಡ್ ಹೊಡೆಯುವ ನಮ್ಮ ಹುಡುಗರು ಕೇಳುವ ಪ್ರಶ್ನೆ ಇದು. ಡ್ಯಾಶ್‌ಕ್ಯಾಮ್ ಅಂದರೆ ಗಾಡಿ ಓಡುವಾಗ ವಿಡಿಯೊ ಹಿಡಿಯಲು ಮುಂದಿನ ಗಾಜಿನ ಹತ್ತಿರ ಕೂರಿಸುವ ಕ್ಯಾಮೆರಾ.

ದುಡ್ಡು ನೋಡಿದರೆ ಮುಂದಿನ ರಸ್ತೆ ಮಾತ್ರ ಹಿಡಿಯುವ ಒಂದು ಕಣ್ಣಿನದೇ ಅಗ್ಗ. ಕ್ಯಾಬಿನ್ ಕೂಡ ತೋರಿಸುವ ಎರಡು ಕಣ್ಣಿನದಕ್ಕೆ ಸ್ವಲ್ಪ ಜಾಸ್ತಿ, ಮೆಮೊರಿ ಕಾರ್ಡ್ ಕೂಡ ಬೇಗ ತುಂಬುತ್ತದೆ. ದೂರದಿಂದಲೇ ಲೈವ್ ವಿಡಿಯೊ ನೋಡಲು 4ಜಿ ಸಿಮ್ ಇರುವುದಕ್ಕೆ ರೀಚಾರ್ಜ್ ಖರ್ಚು ಬೇರೆ.

ಸಾಕ್ಷಿಯ ವಿಷಯವೇ ಮುಖ್ಯ. ಖಂಡಾಲಾ ಘಾಟಿನಲ್ಲಿ ಕಾರೊಂದು ಅಡ್ಡ ನುಗ್ಗಿದರೆ ಮುಂದಿನ ಕ್ಯಾಮೆರಾ ಸಾಕು. ಆದರೆ "ನೀನು ಫೋನ್ ನೋಡ್ತಿದ್ದೆ" ಎಂದು ಮಾಲೀಕ ಹೇಳಿದರೆ? ಆಗ ಕ್ಯಾಬಿನ್ ವಿಡಿಯೊನೇ ಕಾಪಾಡಬೇಕು. ರಾತ್ರಿಗೆ ಇನ್‌ಫ್ರಾರೆಡ್ (ಕತ್ತಲಲ್ಲೂ ಕ್ಯಾಮೆರಾಗೆ ಕಾಣುವಂತೆ ಮಾಡುವ ಬೆಳಕು) ಇರಲಿ, ಇಲ್ಲದಿದ್ದರೆ ಬರೀ ಕತ್ತಲೆ. ಸಿಮ್ ಇರುವುದು ಮಾಲೀಕನಿಗೆ ಇಷ್ಟ, ಡ್ರೈವರ್‌ಗೆ ಅಷ್ಟಕ್ಕಷ್ಟೆ, ಅಲ್ವಾ? ಘಾಟಿನಲ್ಲಿ ನೆಟ್‌ವರ್ಕ್ ಹೋದರೆ ಲೈವ್ ಕೂಡ ನಿಲ್ಲುತ್ತದೆ.

ಯಾವುದೇ ಕೊಂಡರೂ 24 ವೋಲ್ಟ್‌ಗೆ ಆಗುತ್ತದೆಯೇ ಕೇಳಿ. ಕಾರಿನ 12 ವೋಲ್ಟ್ ಅಡಾಪ್ಟರ್ ದೊಡ್ಡ ಲಾರಿಯಲ್ಲಿ ಸುಟ್ಟುಹೋಗಬಹುದು. ಕ್ಯಾಮೆರಾದೊಳಗೆ ಕರೆಂಟ್ ಹಿಡಿದಿಡಲು ಬ್ಯಾಟರಿ ಇಲ್ಲವೇ ಸೂಪರ್ ಕೆಪಾಸಿಟರ್ ಎಂಬ ಭಾಗ ಇರುತ್ತದೆ; ಬಿಸಿಲಿಗೆ ಬ್ಯಾಟರಿಗಿಂತ ಸೂಪರ್ ಕೆಪಾಸಿಟರ್ ಗಟ್ಟಿ.

ಸ್ವಂತ ಲಾರಿಯಾದರೆ ಒಂದು ಕಣ್ಣಿನದು ಸಾಕು. ಸಂಬಳಕ್ಕೆ ಓಡಿಸುವವರಿಗೆ ಎರಡು ಕಣ್ಣಿನದು. ನಾಲ್ಕಾರು ಗಾಡಿ ಇದ್ದು, ಮನೆಯಲ್ಲೇ ಕೂತು ನೋಡಬೇಕೆಂದರೆ ಸಿಮ್ ಇರುವುದು.