ಅಡಿಕೆ ಚಪ್ಪರದ ಕೆಳಗಿನ ಭಯ: ಒಂದು ವಿದ್ಯಾರ್ಥಿ ಥ್ರಿಲ್ಲರ್ ಯಾರ ಕಣ್ಣಿನಿಂದ ನೋಡುತ್ತದೆ?

ಶಿವಮೊಗ್ಗದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮ ಕೋರ್ಸಿನ ಭಾಗವಾಗಿ ತಯಾರಿಸಿದ 34 ನಿಮಿಷಗಳ ಥ್ರಿಲ್ಲರ್ ಚಿತ್ರವನ್ನು ನಾನು ಎರಡು ಸಲ ನೋಡಿದೆ. ಮೊದಲ ಸಲ ನೋಡಿದ್ದು ಅವರದೇ ಕಾಲೇಜಿನ ಸಭಾಂಗಣದಲ್ಲಿ. ಎರಡನೆಯ ಸಲ ನೋಡಿದ್ದು ಚಿತ್ರೀಕರಣ ನಡೆದ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯ ಮನೆಯಂಗಳದಲ್ಲಿ, ಅಡಿಕೆ ಚಪ್ಪರದ ಕಂಬಗಳಿಗೆ ಬಿಳಿ ಪಂಚೆ ಕಟ್ಟಿ, ಮನೆಯವರಿಗೂ ಆಳುಗಳಿಗೂ ಒಟ್ಟಿಗೆ ತೋರಿಸಿದಾಗ. ಒಂದೇ ಚಿತ್ರ ಈ ಎರಡು ಕಡೆಗಳಲ್ಲಿ ಎಷ್ಟು ಬೇರೆಯಾಗಿ ಮುಟ್ಟಿತೆಂಬುದನ್ನು ಕಂಡ ಮೇಲೆ ಈ ವಿಮರ್ಶೆಯನ್ನು ಬರೆಯಬೇಕೆನಿಸಿತು. ತಂಡದವರು ಇನ್ನೂ ವಿದ್ಯಾರ್ಥಿಗಳು, ಚಿತ್ರದ ಕೊನೆಯ ಸಂಕಲನವೂ ಬಾಕಿ ಇದೆ. ಹೀಗಾಗಿ ಚಿತ್ರದ ಹೆಸರನ್ನಾಗಲಿ, ಕಾಲೇಜಿನ ಹೆಸರನ್ನಾಗಲಿ, ಮಾಡಿದವರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ.

ಕತೆ ಮಲೆನಾಡಿನದೇ. ಅಡಿಕೆ ಗೊನೆಗಳನ್ನು ಕೊಯ್ಯುವ ಕಾಲ. ಹಸಿ ಅಡಿಕೆಯನ್ನು ಕೊಯ್ದು ತಂದ ಮೇಲೆ ಹೆಚ್ಚು ದಿನ ಇಡುವಂತಿಲ್ಲ. ಬೇಗ ಸುಲಿದು, ಹಂಡೆಯಲ್ಲಿ ಬೇಯಿಸಿ, ತೊಗರು ಎಂಬ ಗಟ್ಟಿ ಕೆಂಪು ರಸ ಹಾಕಿ, ಅಟ್ಟದ ಮೇಲೆ ಒಣಗಿಸಿದರೆ ಮಾತ್ರ ಕೆಂಪಡಿಕೆಗೆ ಬಣ್ಣವೂ ಬೆಲೆಯೂ ಬರುತ್ತದೆ. ಆದ್ದರಿಂದ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುತ್ತದೆ, ಆ ಕೆಲಸದಲ್ಲಿ ಹೆಚ್ಚಿನವರು ಹೆಂಗಸರು. ಚಿತ್ರದ ನಾಯಕಿ ಶಿವಮೊಗ್ಗದಲ್ಲಿ ಡಿಗ್ರಿ ಓದುವ ಹುಡುಗಿ. ರಜೆಗೆಂದು ಸೋದರಮಾವನ ಮನೆಗೆ ಬಂದವಳು, ಯಾರು ಎಷ್ಟು ಡಬ್ಬ ಅಡಿಕೆ ಸುಲಿದರೆಂಬ ಲೆಕ್ಕವನ್ನು ಡಬ್ಬಕ್ಕೊಂದು ಗೆರೆಯಂತೆ ಪುಸ್ತಕದಲ್ಲಿ ಬರೆಯುವ ಜವಾಬ್ದಾರಿ ವಹಿಸಿಕೊಳ್ಳುತ್ತಾಳೆ. ಹಿಂದಿನ ವಾರದ ಪುಟಗಳನ್ನು ತಿರುವುವಾಗ, ಘಟ್ಟದ ಆಚೆಯಿಂದ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಯಾರಿಗೂ ಹೇಳದೆ ಊರು ಬಿಟ್ಟು ಹೋದಳೆಂದು ಎಲ್ಲರೂ ಹೇಳುವ ರಾತ್ರಿಯ ನಂತರವೂ ಎರಡು ದಿನ ಅವಳ ಹೆಸರಿನ ಸಾಲಿನಲ್ಲಿ ಡಬ್ಬಗಳ ಗೆರೆಗಳು ಬಿದ್ದಿರುವುದು ನಾಯಕಿಯ ಕಣ್ಣಿಗೆ ಬೀಳುತ್ತದೆ. ಆ ಗೆರೆಗಳನ್ನು ಎಳೆದ ಕೈ ಬೇರೆ.

ಇಷ್ಟು ಒಳ್ಳೆಯ ಬೀಜವನ್ನು ನಾನು ವಿದ್ಯಾರ್ಥಿಗಳ ಚಿತ್ರದಲ್ಲಿ ಕಂಡಿರಲಿಲ್ಲ. ಕತ್ತಿ ಹಿಡಿದ ನೆರಳಿಲ್ಲ, ಕಿರ್ರೆನ್ನುವ ಬಾಗಿಲಿಲ್ಲ. ಕೂಲಿಯ ಲೆಕ್ಕದ ಪುಸ್ತಕ, ಪೆನ್ಸಿಲ್ಲಿನ ನಾಲ್ಕು ಗೆರೆ ಮತ್ತು ಅದಕ್ಕೆ ಅಡ್ಡವಾಗಿ ಎಳೆದ ಐದನೆಯದು, ಇಷ್ಟರಿಂದಲೇ ಬೆನ್ನಹುರಿಯಲ್ಲಿ ಚಳಿ ಹುಟ್ಟುತ್ತದೆ. ಮೊದಲ ಹನ್ನೊಂದು ನಿಮಿಷ ಕ್ಯಾಮೆರಾ ನಾಯಕಿಯ ಹೆಗಲ ಹಿಂದೆಯೇ ಇರುತ್ತದೆ. ಅವಳು ಕಂಡದ್ದನ್ನು ಮಾತ್ರ ನಾವು ಕಾಣುತ್ತೇವೆ, ಅವಳಿಗೆ ತಿಳಿಯದ್ದು ನಮಗೂ ತಿಳಿಯುವುದಿಲ್ಲ. ಸುಲಿಯಲು ಬಳಸುವ ಮೆಟ್ಟುಗತ್ತಿಗೆ ಅಡಿಕೆ ಒತ್ತುವ ಸದ್ದು ಒಂದೇ ಲಯದಲ್ಲಿ ಸಾಗುತ್ತಿದ್ದು, ಅವಳು ಪುಸ್ತಕದ ಆ ಪುಟಕ್ಕೆ ಬಂದಾಗ ಒಬ್ಬೊಬ್ಬರದೇ ನಿಂತು, ಕೊನೆಗೆ ಜೀರುಂಡೆಯ ದನಿಯಷ್ಟೇ ಉಳಿಯುವ ದೃಶ್ಯವಿದೆ. ಆಗ ಕಾಲೇಜಿನ ಸಭಾಂಗಣದಲ್ಲಿ ಯಾರೂ ಕೆಮ್ಮಲಿಲ್ಲ. ಹಿನ್ನೆಲೆ ಸಂಗೀತಕ್ಕೆ ಕೈ ಹಾಕದೆ ಸ್ಥಳದ ಸದ್ದನ್ನೇ ನಂಬಿದ ಧ್ವನಿ ವಿನ್ಯಾಸಕ್ಕೆ ನನ್ನ ಮನಃಪೂರ್ವಕ ಮೆಚ್ಚುಗೆ ಸಲ್ಲುತ್ತದೆ.

ಹನ್ನೆರಡನೆಯ ನಿಮಿಷದಲ್ಲಿ ಬಚ್ಚಲುಮನೆಯ ದೃಶ್ಯ ಬರುತ್ತದೆ. ಹಂಡೆಯ ಒಲೆಯ ಬೆಳಕು, ಹಬೆ, ನಾಯಕಿಯ ಬೆನ್ನು, ಒದ್ದೆ ಕೂದಲು. ಕ್ಯಾಮೆರಾ ಕಿಟಕಿಯ ಸಂದಿನಿಂದ ಒಳಗೆ ನೋಡುತ್ತದೆ. ಹಾಗೆ ನೋಡುತ್ತಿರುವವರು ಯಾರು? ಕತೆಯಲ್ಲಿ ಆ ಹೊತ್ತಿಗೆ ಹಿತ್ತಲಲ್ಲಿ ಯಾವ ಪಾತ್ರವೂ ಇಲ್ಲ, ಮುಂದೆಯೂ ಆ ನೋಟಕ್ಕೆ ಒಡೆಯರು ಸಿಗುವುದಿಲ್ಲ. ಆ ನಲವತ್ತು ಸೆಕೆಂಡುಗಳಲ್ಲಿ ಸಭಾಂಗಣ ಎರಡಾಯಿತು. ಹಿಂದಿನ ಸಾಲುಗಳ ಹುಡುಗರು ಶಿಳ್ಳೆ ಹಾಕಿದರು. ಎಡಬದಿಯಲ್ಲಿ ಕುಳಿತಿದ್ದ ಹುಡುಗಿಯರಲ್ಲಿ ಹಲವರು ತಲೆ ತಗ್ಗಿಸಿದರು, ಕೆಲವರ ಮುಖದ ಮೇಲೆ ಮೊಬೈಲಿನ ಬೆಳಕು ಬಿತ್ತು. ಹನ್ನೊಂದು ನಿಮಿಷ ಶ್ರಮಪಟ್ಟು ಕಟ್ಟಿದ ಭಯ ಹೋಗಿ, ಅದು ಮರಳಿ ಕೂಡಿಕೊಳ್ಳಲು ಮತ್ತೆ ಬಹಳ ಹೊತ್ತು ಹಿಡಿಯಿತು.

ನನ್ನ ತಕರಾರು ಶ್ಲೀಲ ಅಶ್ಲೀಲದ್ದಲ್ಲ. ಬ್ರಿಟನ್ನಿನ ಚಿತ್ರ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜನಪ್ರಿಯ ಚಿತ್ರಗಳಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬ ಏರ್ಪಾಡು ಕ್ಯಾಮೆರಾದ ನಿಲುವಿನೊಳಗೇ ಸೇರಿಹೋಗಿರುತ್ತದೆ ಎಂದು ವಾದಿಸಿದರು. ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಇದು ಹೊಸ ವಿಷಯವಾಗಿರಲಾರದು. ಆದರೆ ಥ್ರಿಲ್ಲರಿನಲ್ಲಿ ಈ ಮಾತು ನೀತಿಯ ಪ್ರಶ್ನೆಯಾಗಿ ಮಾತ್ರ ಉಳಿಯದೆ ಕಸುಬಿನ ಪ್ರಶ್ನೆಯೂ ಆಗುತ್ತದೆ. ಪ್ರೇಕ್ಷಕರು ಹೆದರುವುದು ಹೆದರಿದವಳ ಜೊತೆಗಿದ್ದಾಗ. ಅವಳನ್ನು ಹೊರಗೆ ನಿಂತು ನೋಡತೊಡಗಿದ ಕ್ಷಣವೇ ಅವರು ಸುರಕ್ಷಿತರು. ಅಪಾಯ ಅವಳೊಬ್ಬಳದು, ತಮ್ಮದಲ್ಲ. ಪ್ರೇಕ್ಷಕರನ್ನು ಸೆಳೆಯಲೆಂದು ಸೇರಿಸಿದ ದೃಶ್ಯವೇ ಸಭಾಂಗಣದ ಅರ್ಧದಷ್ಟು ಪ್ರೇಕ್ಷಕರನ್ನು ಚಿತ್ರದಿಂದ ಆಚೆ ಕಳುಹಿಸಿತು, ಉಳಿದರ್ಧವನ್ನು ಭಯದಿಂದ ಆಚೆ ಕಳುಹಿಸಿತು. ಪ್ರೇಕ್ಷಕರ ಆಕರ್ಷಣೆ ಬೇರೆ, ಹೆಣ್ಣಿನ ಚಿತ್ರಣ ಬೇರೆ ಎಂದು ತಂಡ ತನ್ನ ಕೋರ್ಸಿನ ವರದಿಯಲ್ಲಿ ಎರಡು ಅಧ್ಯಾಯಗಳಾಗಿ ಬರೆದಿದೆ. ಅವೆರಡೂ ಒಂದೇ ಪ್ರಶ್ನೆಯೆಂದು ಆ ನಲವತ್ತು ಸೆಕೆಂಡುಗಳೇ ತೋರಿಸಿಕೊಟ್ಟವು.

ಮಲೆನಾಡಿನ ಮಣ್ಣಿನಲ್ಲೇ ಇದಕ್ಕೆ ಒಳ್ಳೆಯ ಪಾಠವಿದೆ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ ಥ್ರಿಲ್ಲರ್ ಅಲ್ಲ. ಆದರೂ ವಿಧವೆ ಯಮುನೆಯ ಸಂಕಟವನ್ನು ನಾಣಿ ಎಂಬ ಹುಡುಗನ ಕಣ್ಣಿನ ಮೂಲಕ ಕಾಣಿಸುವಾಗ ಆ ಚಿತ್ರ ಕದ್ದು ನೋಡುವುದಿಲ್ಲ. ನೋಟಕ್ಕೆ ಒಡೆಯನಿದ್ದಾನೆ, ಅವನಿಗೆ ಕಂಡದ್ದೆಷ್ಟು, ತಿಳಿದದ್ದೆಷ್ಟು ಎಂಬುದೂ ನಮಗೆ ಗೊತ್ತಿರುತ್ತದೆ. ಬಚ್ಚಲಿನ ಕಿಟಕಿಗೆ ಕ್ಯಾಮೆರಾ ಇಡುವ ಮೊದಲು ತಂಡ ಕೇಳಿಕೊಳ್ಳಬೇಕಿದ್ದದ್ದು ಇಷ್ಟನ್ನೇ.

ಇಲ್ಲಿಂದ ಮುಂದೆ ಕತೆಯ ಗುಟ್ಟಿನ ಒಂದು ಭಾಗ ಬಯಲಾಗುತ್ತದೆ. ಚಿತ್ರವನ್ನು ಮೊದಲು ನೋಡಬೇಕೆನ್ನುವವರು ಉಳಿದದ್ದನ್ನು ಆಮೇಲೆ ಓದಬಹುದು.

ಆ ಸುಳ್ಳು ಗೆರೆಗಳನ್ನು ಎಳೆದವಳು ಮನೆಯ ಅತ್ತೆ. ಘಟ್ಟದ ಆಚೆಯಿಂದ ಬಂದಿದ್ದ ಆ ಹೆಂಗಸು ತೋಟದ ಮೋಟಾರಿನ ವಿದ್ಯುತ್ ತಗುಲಿ ಸತ್ತದ್ದನ್ನು ಮುಚ್ಚಿಡಲು ಮನೆಯವರು ನಿರ್ಧರಿಸಿದಾಗ, ಲೆಕ್ಕ ಬಲ್ಲವಳು ಅವಳೊಬ್ಬಳೇ ಆದ್ದರಿಂದ ಪುಸ್ತಕ ಅವಳ ಕೈಗೆ ಬರುತ್ತದೆ. ಈ ಪಾತ್ರ ಮಾಡಿದ ಸ್ಥಳೀಯ ಮಹಿಳೆ ಮೊದಲ ಸಲ ಕ್ಯಾಮೆರಾ ಎದುರಿಸಿದವರು ಎಂದು ತಂಡ ಹೇಳಿದಾಗ ನಂಬುವುದೇ ಕಷ್ಟವಾಯಿತು. ಊಟಕ್ಕೆ ಬಡಿಸುತ್ತಾ, ಸೊಸೆಯಾಗಬಹುದಾದ ಹುಡುಗಿ ಎಷ್ಟು ತಿಳಿದುಕೊಂಡಿದ್ದಾಳೆಂದು ಅಳೆಯುವ ಅವರ ಕಣ್ಣು ಇಡೀ ಚಿತ್ರದ ಅತ್ಯುತ್ತಮ ವಿಶೇಷ ಪರಿಣಾಮ. ಹೆಣ್ಣನ್ನು ಬಲಿಪಶುವಾಗಿಯೋ ದೇವತೆಯಾಗಿಯೋ ತೋರಿಸಿ ಮುಗಿಸದೆ, ಲೆಕ್ಕ ಬಲ್ಲ, ಸುಳ್ಳು ಬರೆಯಬಲ್ಲ, ಬರೆದದ್ದಕ್ಕೆ ರಾತ್ರಿ ನಿದ್ದೆಗೆಡುವ ಮನುಷ್ಯಳಾಗಿ ತೋರಿಸಿದ್ದು ಚಿತ್ರದ ದೊಡ್ಡ ಗೆಲುವು. ಆದರೆ ಕೊನೆಯಲ್ಲಿ ಅವಳ ಬಾಯಿಂದ ‘ಮಗನಿಗೋಸ್ಕರ ಮಾಡಿದೆ’ ಎಂಬ ಒಂದೇ ಮಾತನ್ನು ಹೇಳಿಸಿ, ಅಷ್ಟು ಸಂಕೀರ್ಣವಾಗಿ ಬೆಳೆದ ಪಾತ್ರವನ್ನು ಮಾತೃವಾತ್ಸಲ್ಯದ ಚೌಕಟ್ಟಿಗೆ ಇಳಿಸಲಾಗಿದೆ. ಮನೆಯ ಮರ್ಯಾದೆ, ಕೇಸಿನ ಹೆದರಿಕೆ, ತನಗೂ ಆ ತೋಟದಲ್ಲಿ ಪಾಲಿದೆಯೆಂಬ ಅರಿವು, ಇವೆಲ್ಲ ಅದುವರೆಗೆ ಅವಳ ಮುಖದಲ್ಲಿ ಇದ್ದವು.

ನಾಯಕಿಗೂ ಕೊನೆಯ ಎಂಟು ನಿಮಿಷಗಳಲ್ಲಿ ಅನ್ಯಾಯವಾಗಿದೆ. ಪುಸ್ತಕ ಓದಿದವಳು ಅವಳು, ಕೈಬರಹ ಹೋಲಿಸಿದವಳು ಅವಳು, ಮೋಟಾರು ಮನೆಯ ಬೀಗ ಹೊಸದೆಂದು ಗಮನಿಸಿದವಳೂ ಅವಳೇ. ಹಾಗಿದ್ದೂ ತೋಟದ ಕಾಲುವೆಯಲ್ಲಿ ಅವಳನ್ನು ಎಡವಿ ಬೀಳಿಸಿ, ಜೀಪಿನಲ್ಲಿ ಬಂದ ಸೋದರಮಾವನ ಮಗನಿಂದ ಎತ್ತಿಸಿ, ಕತೆಯ ವಿವರಣೆಯನ್ನೂ ಅವನ ಬಾಯಿಂದಲೇ ಹೇಳಿಸಲಾಗಿದೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದ, ತೋಟದ ಸಂಕದ, ಎಂದರೆ ಕಾಲುಸೇತುವೆಯ, ಮೇಲೆ ಕತ್ತಲಲ್ಲೂ ನಡೆದು ಅಭ್ಯಾಸವಿರುವ ಹುಡುಗಿ ಕಾಲುವೆಯಲ್ಲಿ ಬೀಳುವುದು ಕತೆಯ ಅನುಕೂಲಕ್ಕಲ್ಲದೆ ಬೇರೆ ಕಾರಣಕ್ಕಲ್ಲ. ಹುಡುಗನ ಪಾತ್ರವೂ ಇದರಿಂದ ಬಡವಾಗಿದೆ. ಮೊದಲ ಭಾಗದಲ್ಲಿ ಅವನೂ ಹೆದರುತ್ತಾನೆ, ತಂದೆಯ ಎದುರು ಮಾತು ನುಂಗುತ್ತಾನೆ. ಹೆದರುವ ಗಂಡಿನ ಆ ಮುಖವನ್ನು ಕೊನೆಯವರೆಗೆ ಉಳಿಸಿಕೊಂಡಿದ್ದರೆ ಥ್ರಿಲ್ಲರ್ ಇನ್ನಷ್ಟು ಬಿಗಿಯಾಗುತ್ತಿತ್ತು.

ಕಾಲೇಜಿನ ಪ್ರದರ್ಶನದ ನಂತರದ ಚರ್ಚೆಯಲ್ಲಿ, ತಮ್ಮ ಚಿತ್ರ ಬೆಕ್ಡೆಲ್ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆಂದು ತಂಡದವರು ಹೇಳಿದರು. ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್ಡೆಲ್ 1985ರ ತಮ್ಮ ಕಾಮಿಕ್ ಸ್ಟ್ರಿಪ್ ಒಂದರಲ್ಲಿ ಮೂರು ಷರತ್ತುಗಳನ್ನು ಮುಂದಿಟ್ಟಿದ್ದರು: ಚಿತ್ರದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತನಾಡಬೇಕು, ಆ ಮಾತು ಗಂಡಸಿನ ಕುರಿತದ್ದಲ್ಲದೆ ಬೇರೆಯದಾಗಿರಬೇಕು. ಡಬ್ಬದ ಲೆಕ್ಕದ ಬಗ್ಗೆ ಸುಲಿಯುವ ಹೆಂಗಸರ ಮಾತುಕತೆ ಇರುವುದರಿಂದ ಚಿತ್ರ ಉತ್ತೀರ್ಣವೇ, ಸಂಶಯವಿಲ್ಲ. ಆದರೆ ಬಚ್ಚಲಿನ ಕಿಟಕಿಯನ್ನು ಆ ಪರೀಕ್ಷೆ ಕೇಳುವುದಿಲ್ಲ, ಕಾಲುವೆಯನ್ನೂ ಕೇಳುವುದಿಲ್ಲ. ಅದು ಬಾಗಿಲಲ್ಲಿ ನಿಂತು ತಲೆ ಎಣಿಸುವ ಅಳತೆ. ಒಳಗೆ ಯಾರಿಗೆ ಮಣೆ ಹಾಕಿದರೆಂದು ತಿಳಿಯಲು ಒಳಗೇ ಹೋಗಿ ನೋಡಬೇಕು.

ಹಳ್ಳಿಯಂಗಳದ ಪ್ರದರ್ಶನದಲ್ಲಿ ಮುಂದೆ ಚಾಪೆಯ ಮೇಲೆ ಕುಳಿತವರು ಅಡಿಕೆ ಸುಲಿಯುವ ಹೆಂಗಸರೇ ಆಗಿದ್ದರು. ತಂಡ ತನ್ನ ಪೋಸ್ಟರಿನಲ್ಲಿ ‘16+’ ಎಂದು ಬರೆದುಕೊಂಡು, ಹದಿನಾರರಿಂದ ಇಪ್ಪತ್ತೈದು ವಯಸ್ಸಿನ ಕಾಲೇಜು ಯುವಕ ಯುವತಿಯರೇ ತನ್ನ ಪ್ರೇಕ್ಷಕರೆಂದು ನಿಶ್ಚಯಿಸಿತ್ತು. 2024ರ ಚಲನಚಿತ್ರ ಪ್ರಮಾಣೀಕರಣ ನಿಯಮಗಳಲ್ಲಿ, ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಚಿತ್ರಗಳಿಗೆ ಕೊಡುವ ಯುಎ ಪ್ರಮಾಣಪತ್ರವನ್ನು 7+, 13+, 16+ ಎಂದು ವಿಂಗಡಿಸಲಾಗಿದೆ. ಬಚ್ಚಲಿನ ದೃಶ್ಯ ಇಲ್ಲದಿದ್ದರೆ ಈ ಚಿತ್ರಕ್ಕೆ 13+ ಸಾಕೆಂದು ನನಗನ್ನಿಸುತ್ತದೆ. ಅಂಗಳದಲ್ಲಿ ಶಿಳ್ಳೆ ಬರಲಿಲ್ಲ. ಆ ದೃಶ್ಯ ಬಂದಾಗ ಹೆಂಗಸರು ಸೆರಗು ಸರಿಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು, ಅಷ್ಟೆ. ಆದರೆ ಲೆಕ್ಕದ ಪುಸ್ತಕದ ದೃಶ್ಯಕ್ಕೆ ಅವರು ಕಾಲೇಜಿನವರಿಗಿಂತ ಎಷ್ಟೋ ಹೆಚ್ಚು ಬಿಗಿಯಾಗಿ ಕುಳಿತರು, ಏಕೆಂದರೆ ಆ ಗೆರೆಗಳು ಅವರ ಕೂಲಿ. ನಾಯಕಿ ಮೆಟ್ಟುಗತ್ತಿಯ ಮುಂದೆ ಕುಳಿತ ಭಂಗಿ ತಪ್ಪೆಂದೂ, ಹಾಗೆ ಕುಳಿತರೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆಂದೂ, ಸುಲಿಯುವ ಚಪ್ಪರದಲ್ಲಿ ಅಷ್ಟೊಂದು ಮೌನ ಎಂದೂ ಇರುವುದಿಲ್ಲವೆಂದೂ ಅವರು ಹೇಳಿದರು. ಹಿರಿಯಳೊಬ್ಬಳು ಕೇಳಿದಳು: ‘ಸತ್ತವಳ ಹೆಸರೇನು?’

ಚಿತ್ರದಲ್ಲಿ ಆ ಹೆಸರಿಲ್ಲ. ಪುಸ್ತಕದಲ್ಲಿ ಅವಳ ಹೆಸರಿನ ಸಾಲು ಎಂದು ಪಾತ್ರಗಳೆಲ್ಲ ಹೇಳುತ್ತವೆ, ಕ್ಯಾಮೆರಾ ಗೆರೆಗಳನ್ನು ಹತ್ತಿರದಿಂದ ತೋರಿಸುತ್ತದೆ, ಆದರೆ ಹೆಸರು ಚೌಕಟ್ಟಿನ ಹೊರಗೇ ಉಳಿಯುತ್ತದೆ. ತಂಡದವರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿರಲಿಲ್ಲ, ಅವರ ಗಮನಕ್ಕೇ ಬಂದಿರಲಿಲ್ಲ. ಓದಿದ ನಾಯಕಿಗೆ, ಮನೆಯ ಅತ್ತೆಗೆ ಮುಖವೂ ಮಾತೂ ಇದೆ. ಕೂಲಿಗೆ ಬಂದು ಸತ್ತವಳಿಗೆ ಕತೆಯನ್ನು ಚಾಲೂ ಮಾಡುವ ಕೆಲಸವೊಂದೇ. ಹೆಣ್ಣಿನ ಚಿತ್ರಣವನ್ನು ಕುರಿತು ಕಾಲೇಜಿನಲ್ಲಿ ನಡೆದ ಒಂದು ಗಂಟೆಯ ಚರ್ಚೆಯಲ್ಲಿ ನಾನೂ ಸೇರಿದಂತೆ ಯಾರೂ ಈ ಪ್ರಶ್ನೆಯನ್ನು ಎತ್ತಿರಲಿಲ್ಲ.

ಇನ್ನೊಂದು ವಿಷಯ ಕೊನೆಯ ಹೆಸರುಪಟ್ಟಿಯದು. ನಿರ್ದೇಶನ, ಛಾಯಾಗ್ರಹಣ, ಸಂಕಲನ ಹುಡುಗರದು. ವಸ್ತ್ರ, ಪ್ರಸಾಧನ, ಊಟ ವಸತಿಯ ಉಸ್ತುವಾರಿ ಹುಡುಗಿಯರದು. ಕಾರಣ ಕೇಳಿದಾಗ ತಿಳಿದದ್ದು ಬೇಸರದ ಸಂಗತಿ. ತಂಡದ ಅತ್ಯುತ್ತಮ ಛಾಯಾಗ್ರಾಹಕಿಯೇ ಒಬ್ಬ ಹುಡುಗಿ, ಮೊದಲ ಹನ್ನೊಂದು ನಿಮಿಷದ ಹೆಚ್ಚಿನ ಭಾಗ ಅವಳು ಹಗಲಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ತೆಗೆದದ್ದು. ಹಾಸ್ಟೆಲಿನ ಗೇಟು ಸಂಜೆ ಮುಚ್ಚುವುದರಿಂದ ರಾತ್ರಿಯ ಚಿತ್ರೀಕರಣಕ್ಕೆ ಅವಳಿಗೆ ಅನುಮತಿ ಸಿಗಲಿಲ್ಲ. ನಾಯಕಿಗೆ ಮಾತ್ರ ಮನೆಯವರು ಜೊತೆಗೆ ಬಂದದ್ದರಿಂದ ಸಾಧ್ಯವಾಯಿತು. ಹೀಗೆ ರಾತ್ರಿಯ ದೃಶ್ಯಗಳಲ್ಲಿ ಕ್ಯಾಮೆರಾದ ಹಿಂದೆ ಉಳಿದವರು ಹುಡುಗರು ಮಾತ್ರ. ಬಚ್ಚಲಿನ ದೃಶ್ಯವೂ ಕಾಲುವೆಯ ದೃಶ್ಯವೂ ರಾತ್ರಿಯವು. ಹುಡುಗರು ತೆಗೆದದ್ದರಿಂದಲೇ ಅವು ಹೀಗಾದವೆಂದು ಹೇಳುವುದು ಸುಲಭದ ತೀರ್ಮಾನವಾದೀತು. ಆದರೆ ‘ಕ್ಯಾಮೆರಾ ಇಲ್ಲಿ ಏಕೆ?’ ಎಂದು ಕೇಳಬಹುದಾಗಿದ್ದವಳು ಆ ಹೊತ್ತಿನಲ್ಲಿ ಸ್ಥಳದಲ್ಲಿ ಇರಲಿಲ್ಲವೆಂಬುದು ನಿಜ.

ತಾಂತ್ರಿಕವಾಗಿ ಹೇಳುವುದು ಹೆಚ್ಚಿಲ್ಲ. ಕೆಲವು ರಾತ್ರಿ ದೃಶ್ಯಗಳಲ್ಲಿ ಮಾತು ಕೇಳಿಸುವುದಿಲ್ಲ, ಬಣ್ಣದ ಹೊಂದಾಣಿಕೆ ಎರಡು ಕಡೆ ತಪ್ಪಿದೆ. ಇವು ತಿದ್ದಬಹುದಾದ ದೋಷಗಳು.

ಈ ಎಲ್ಲ ತಕರಾರುಗಳ ನಂತರವೂ ಚಿತ್ರವನ್ನು ನೋಡಿ ಎಂದೇ ಹೇಳುತ್ತೇನೆ; ಅವಕಾಶ ಸಿಕ್ಕರೆ ಮನೆಯ ಹಿರಿಯ ಹೆಂಗಸರನ್ನು ಜೊತೆಗೆ ಕೂರಿಸಿಕೊಂಡು ನೋಡಿ. ಕೊನೆಯ ಸಂಕಲನಕ್ಕೆ ಮುನ್ನ ಬಚ್ಚಲಿನ ನಲವತ್ತು ಸೆಕೆಂಡುಗಳನ್ನು ತೆಗೆಯಲು ತಂಡ ಒಪ್ಪಿದೆ. ಕಾಲುವೆಯ ದೃಶ್ಯದ ಬಗ್ಗೆ ಅವರಲ್ಲೇ ಒಮ್ಮತವಿಲ್ಲ. ಹುಡುಗಿ ತಾನೇ ಎದ್ದು ಮೋಟಾರು ಮನೆಯವರೆಗೆ ನಡೆಯುವ ಒಂದು ಶಾಟ್ ಕಚ್ಚಾ ತುಣುಕುಗಳಲ್ಲಿ ಇದೆಯಂತೆ, ಅದನ್ನೇ ಬಳಸಬೇಕೆಂದು ನಾನು ಒತ್ತಾಯಿಸಿದ್ದೇನೆ. ಸತ್ತವಳ ಹೆಸರಿಗೆ ಹೊಸ ಚಿತ್ರೀಕರಣವೂ ಬೇಕಿಲ್ಲ. ಪುಸ್ತಕ ಆ ಮನೆಯಲ್ಲೇ ಇದೆ, ಗೆರೆಗಳ ಎಡಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಹೆಸರು ಬರೆದು ಕ್ಯಾಮೆರಾವನ್ನು ನಾಲ್ಕು ಬೆರಳಿನಷ್ಟು ಅತ್ತ ಸರಿಸಿದರೆ ಸಾಕು.