ಚರ್ಮಕ್ಕೆ ಗಮ್ ಕೊಳ್ಳುವವರೇ, ಡಬ್ಬದ ಮೇಲಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ನೋಡಿ

ಉಡುಪಿ, ಮಂಗಳೂರು ಕಡೆ ಚರ್ಮದ ಪರ್ಸು, ಬೆಲ್ಟು, ಚೀಲ ಹೊಲಿಯುವವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ. ಅಂಗಡಿಯ ಹೆಸರು ಬರೆಯಬೇಕೆಂದೇ ಕುಳಿತಿದ್ದೆ, ಮನೆಯವರು ಬೇಡವೆಂದರು. ಮಂಗಳೂರಿನಲ್ಲಿ ಚಪ್ಪಲಿ ಕೆಲಸದ ಸಾಮಾನು, ರೆಕ್ಸಿನ್, ಫೋಮ್, ಜಿಪ್ಪು ಎಲ್ಲವನ್ನೂ ಒಂದೇ ಕಡೆ ಮಾರುವ ಅಂಗಡಿ ಎಂದಷ್ಟೇ ಹೇಳುತ್ತೇನೆ.

ನಾನು ಉಡುಪಿಯವಳು. ಮನೆಯಲ್ಲೇ ಚರ್ಮದ ಚೀಲ ಹೊಲಿದು ಮಾರುತ್ತೇನೆ. ನಮ್ಮ ಕೆಲಸಕ್ಕೆ ಬೇಕಾಗುವ ಗಮ್ ಯಾವುದು ಎಂದು ನಿಮಗೆ ಗೊತ್ತಿದೆ: ಹಳದಿ ಬಣ್ಣದ ರಬ್ಬರ್ ಗಮ್, ಮರಕ್ಕೆ ಹಾಕುವ ಬಿಳಿಯದ್ದಲ್ಲ. ಎರಡೂ ತುಂಡಿಗೆ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ, ಸುತ್ತಿಗೆಯಿಂದ ತಟ್ಟಬೇಕು. ಒಮ್ಮೆ ಕೂತರೆ ಕೂತಿತು, ಮತ್ತೆ ಸರಿಸಲು ಬರುವುದಿಲ್ಲ. ಆಮೇಲೆ ಹೊಲಿಗೆ.

ಯಾವಾಗಲೂ ತರುವ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲವೆಂದು ಈ ಅಂಗಡಿಗೆ ಹೋದೆ. ಹೆಸರಾಂತ ಕಂಪೆನಿಯದ್ದೇ ಒಂದು ಲೀಟರಿನ ಡಬ್ಬ ಕೊಟ್ಟರು. ಮನೆಗೆ ಬಂದು ಮುಚ್ಚಳ ತೆಗೆದರೆ ಗಂಜಿಯ ತಿಳಿಯಂತೆ ನೀರುನೀರು. ಕೂಡಲೇ ಫೋನ್ ಮಾಡಿ ಕೇಳಿದೆ. "ಅದು ಹೊಸ ಬ್ಯಾಚ್ ಅಕ್ಕಾ, ಬೇಗ ಹರಡಲಿ ಎಂದು ಕಂಪೆನಿಯವರೇ ತೆಳು ಮಾಡಿದ್ದಾರೆ. ಧೈರ್ಯವಾಗಿ ಹಚ್ಚಿ" ಎಂದರು. ಧೈರ್ಯವಾಗಿ ಹಚ್ಚಬೇಕಂತೆ!

ಹಚ್ಚಿದೆ. ಕಾಲೇಜೊಂದರ ನಿವೃತ್ತಿ ಸಮಾರಂಭಕ್ಕೆ ಉಡುಗೊರೆಯಾಗಿ ಕೊಡುವ ಚೀಲಗಳು ಅವು. ಚರ್ಮದ ಒರಟು ಮುಖ ಆ ನೀರನ್ನೆಲ್ಲ ಹೀರಿಕೊಂಡಿತು. ತೆಳುವಾಗಿದ್ದ ಕಡೆಯಲ್ಲೆಲ್ಲ ಮೇಲ್ಮುಖಕ್ಕೂ ಕಪ್ಪು ಕಲೆ ಮೂಡಿತು. ಕಲೆ ಬಿದ್ದವನ್ನು ಪಕ್ಕಕ್ಕಿಟ್ಟು, ಚೆನ್ನಾಗಿ ಕಂಡವನ್ನು ಹೊಲಿದು ಕೊಟ್ಟೆ. ಸಮಾರಂಭದ ದಿನ ಸೆಖೆ ಎಂದರೆ ಸೆಖೆ. ಚೀಲದ ಮುಚ್ಚಳದ ಎರಡು ಪದರ ಒಂದರ ಮೇಲೊಂದು ಜಾರಿ, ಹೊಲಿಗೆಯ ತೂತುಗಳಿಂದ ಗಮ್ ಜಿನುಗಿ, ನಿವೃತ್ತರಾಗುತ್ತಿದ್ದ ಮೇಷ್ಟ್ರ ಸನ್ಮಾನದ ಶಾಲಿಗೆ ಅಂಟಿಕೊಂಡಿತು. ವೇದಿಕೆಯ ಮೇಲೆ. ಎಲ್ಲರ ಎದುರು. ಪಾಪ, ಅವರು ನಕ್ಕರು. ನಾನು ಊಟಕ್ಕೂ ನಿಲ್ಲದೆ ಹೊರಟು ಬಂದೆ.

ಮಾರನೆಯ ದಿನ ಆ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಮಂಗಳೂರು ಬಸ್ ಹತ್ತಿದೆ. ದಾರಿಯುದ್ದಕ್ಕೂ ಡಬ್ಬವನ್ನೇ ತಿರುಗಿಸಿ ನೋಡುತ್ತಿದ್ದೆ. ತಯಾರಾದ ತಿಂಗಳು, ವರ್ಷ ಬರೆದ ಚೀಟಿಯ ಒಂದು ಮೂಲೆ ಸ್ವಲ್ಪ ಎದ್ದಿತ್ತು. ಉಗುರು ಹಾಕಿ ಎಳೆದೆ. ಬರಲಿಲ್ಲ. ಒಳಗಿನ ಗಮ್ಮಿಗಿಂತ ಆ ಚೀಟಿಯ ಅಂಟೇ ಗಟ್ಟಿಯಾಗಿತ್ತು, ನಗಬೇಕೋ ಅಳಬೇಕೋ! ಸುರತ್ಕಲ್ ದಾಟುವ ಹೊತ್ತಿಗೆ ಅಂತೂ ಕಿತ್ತುಬಂತು. ಕೆಳಗೆ ಇನ್ನೊಂದು ಚೀಟಿ. ಅವಧಿ ಮುಗಿದು ವರ್ಷ ದಾಟಿದ ಮಾಲು. ಅದಕ್ಕಿಂತ ಹೆಚ್ಚಾಗಿ, ಅದು ಸೋಫಾದ ಫೋಮ್ ಅಂಟಿಸುವ ಗಮ್, ಚರ್ಮದ್ದೇ ಅಲ್ಲ. ಮುಚ್ಚಳದ ಅಂಚಿನಲ್ಲಿ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದ ಗುರುತೂ ಆಗ ಕಣ್ಣಿಗೆ ಬಿತ್ತು. ಈ ಗಮ್ ಹಳತಾದರೆ ಗಟ್ಟಿಯಾಗುತ್ತದೆ, ಗಂಟು ಕಟ್ಟುತ್ತದೆ. ಅದಕ್ಕೆ ಥಿನ್ನರ್ ಸುರಿದು ಕಲಕಿ ಮತ್ತೆ ಮುಚ್ಚಿದ್ದಾರೆ. ವಾಸನೆ ಮೊದಲಿನಿಂದಲೂ ಅದನ್ನೇ ಹೇಳುತ್ತಿತ್ತು.

ಅಂಗಡಿಯವರ ಉತ್ತರಗಳನ್ನು ಕೇಳಿ. ಮೊದಲನೆಯದು: "ಈ ಮಳೆಗೆ ಯಾವ ಗಮ್ ಹಿಡಿಯುತ್ತದೆ ಮಾರಾಯ್ರೇ?" ಮಳೆಗಾಲದಲ್ಲಿ ತೊಂದರೆ ಇದೆ, ಒಪ್ಪುತ್ತೇನೆ. ಗಮ್ಮಿನಲ್ಲಿರುವ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ನಮ್ಮ ಕರಾವಳಿಯ ತೇವದ ಗಾಳಿಯಿಂದ ಅದರ ಮೇಲೆ ಪಸೆ ಕೂರುತ್ತದೆ, ಆಗ ಒತ್ತಿದರೆ ಹಿಡಿಯುವುದಿಲ್ಲ. ಅದಕ್ಕೇ ನಾನು ಹಚ್ಚಿದ ತುಂಡುಗಳನ್ನು ಬಲ್ಬಿನ ಕೆಳಗೆ ಇಡುತ್ತೇನೆ. ಇದನ್ನು ಹೇಳಿದ ಕೂಡಲೇ ಮಾತು ಬದಲಾಯಿತು. "ಎರಡೂ ಬದಿಗೆ ಹಚ್ಚಿದಿರಾ?" ವರ್ಷಗಳಿಂದ ಇದೇ ಕೆಲಸ ಮಾಡುವವಳನ್ನು ಕೇಳುವ ಪ್ರಶ್ನೆಯೇ ಇದು? ಆಮೇಲೆ "ನಿಮ್ಮ ಚರ್ಮ ಒರಿಜಿನಲ್ ಅಲ್ಲ, ರೆಕ್ಸಿನ್ ಇರಬೇಕು." ರೆಕ್ಸಿನ್ನಿನ ಪಿವಿಸಿಯೊಳಗಿನ ಎಣ್ಣೆಯಂಥ ಅಂಶ ರಬ್ಬರ್ ಗಮ್ಮನ್ನು ಮೆತ್ತಗೆ ಮಾಡುತ್ತದೆ, ಅದಕ್ಕೆ ಪಿಯು, ಅಂದರೆ ಪಾಲಿಯುರೆಥೇನ್ ಗಮ್ಮೇ ಬೇಕು, ನಿಜ. ಆದರೆ ನನ್ನದು ರೆಕ್ಸಿನ್ ಅಲ್ಲ! ತುಂಡೊಂದನ್ನು ಮೇಜಿನ ಮೇಲೆ ಇಟ್ಟೆ. ಅದನ್ನು ಮುಟ್ಟಿಯೂ ನೋಡಲಿಲ್ಲ.

ಕೊನೆಗೆ ಎರಡು ಚೀಟಿಗಳನ್ನೂ ತೋರಿಸಿದೆ. ಒಂದು ಕ್ಷಣವೂ ಮುಖ ಬದಲಾಗಲಿಲ್ಲ. "ಅದು ಕಂಪೆನಿಯಿಂದಲೇ ಹಾಗೆ ಬರುವುದು. ಬಿಲ್ ಇದೆಯಾ?" ಬಿಲ್ ಎಂದು ಅವರು ಕೊಟ್ಟದ್ದು ತುಂಡು ಕಾಗದ. ಅದರಲ್ಲಿ 'ಗಮ್ 1' ಎಂದು ಮಾತ್ರ ಇತ್ತು, ಅಂಗಡಿಯ ಹೆಸರೂ ಇಲ್ಲ, ಮುದ್ರೆಯೂ ಇಲ್ಲ. ಆಮೇಲೆ ದೊಡ್ಡ ಮನಸ್ಸು ಮಾಡಿದವರಂತೆ ಒಂದು ಸೂಪರ್ ಗ್ಲೂ ಟ್ಯೂಬ್ ನನ್ನೆದುರು ಇಟ್ಟು, "ಇದನ್ನು ಇಟ್ಟುಕೊಳ್ಳಿ ಅಕ್ಕಾ, ಬಿಟ್ಟ ಕಡೆ ಒಂದೊಂದು ಹನಿ ಹಾಕಿ, ದುಡ್ಡು ಬೇಡ" ಎಂದರು. ಮಡಚುವ ಚರ್ಮಕ್ಕೆ ಸೂಪರ್ ಗ್ಲೂ! ಅದು ಒಣಗಿ ಗಾಜಿನ ಹಾಗೆ ಗಟ್ಟಿಯಾಗಿ ಮಡಿಕೆಯಲ್ಲಿ ಬಿರಿಯುತ್ತದೆ ಎಂಬುದು ಆ ಅಂಗಡಿಯವರಿಗೆ ಗೊತ್ತಿಲ್ಲವೇ? ಗೊತ್ತಿದೆ. ನನಗೆ ಗೊತ್ತಿರಲಾರದು ಎಂಬ ಲೆಕ್ಕಾಚಾರ, ಅಷ್ಟೇ. ಹೆಂಗಸು, ಮನೆಯಲ್ಲಿ ಕುಳಿತು ಪರ್ಸು ಹೊಲಿಯುವವಳು, ಇವಳಿಗೇನು ತಿಳಿಯುತ್ತದೆ ಎಂದು. ನಷ್ಟಕ್ಕಿಂತ ಇದೇ ಹೆಚ್ಚು ಉರಿಯುತ್ತದೆ.

ಆದ್ದರಿಂದ ಡಬ್ಬ ಕೊಳ್ಳುವಾಗ ಚೀಟಿಯ ಮೇಲೆ ಚೀಟಿ ಇದೆಯೇ ನೋಡಿ, ಮುಚ್ಚಳದ ಅಂಚು ನೋಡಿ, ಅಂಗಡಿಯಲ್ಲೇ ತೆರೆಸಿ ಕಡ್ಡಿ ಅದ್ದಿ ಎತ್ತಿ. ಒಳ್ಳೆಯ ಗಮ್ ಮಂದವಾಗಿ ಎಳೆಎಳೆಯಾಗಿ ಇಳಿಯುತ್ತದೆ. ತೆರೆಯಲು ಬಿಡದಿದ್ದರೆ ಎದ್ದು ಬನ್ನಿ. ಚೂರು ಚರ್ಮಕ್ಕೆ ಹಚ್ಚಿ ಮರುದಿನ ಕಿತ್ತು ನೋಡಿ, ಗಮ್ ಬಿಡುವ ಮೊದಲು ಚರ್ಮದ ನಾರು ಹರಿಯಬೇಕು. ನುಣುಪು ಮುಖಕ್ಕೆ ಅಂಟಿಸುವುದಾದರೆ ಮರಳು ಕಾಗದದಿಂದ ಉಜ್ಜಿಯೇ ಹಚ್ಚಿ, ಇಲ್ಲವಾದರೆ ಎಂಥ ಗಮ್ಮೂ ಹಿಡಿಯದು. ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಬೇಡ. ಇನ್ನು ಬಿಲ್ಲು, ಹೆಸರಿರುವ ಬಿಲ್ಲು, ಜಗಳವಾಡಿಯಾದರೂ ತೆಗೆದುಕೊಳ್ಳಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಕಲೆ ಬಿದ್ದ ಚರ್ಮದ ದುಡ್ಡನ್ನು ಯಾರೂ ಕೊಡುವುದಿಲ್ಲ, ಅದು ಹೋಯಿತು. ಡಬ್ಬವನ್ನು ಎಸೆದಿಲ್ಲ. ಎರಡೂ ಚೀಟಿಗಳು ನನ್ನ ಬಳಿಯೇ ಇವೆ, ನಂಬದವರು ಉಡುಪಿಗೆ ಬಂದು ನೋಡಬಹುದು.