ಸಮುದಾಯ ಭವನ ಕಟ್ಟಿಸುವವರೇ, ‘ಆಮೇಲೆ ನೋಡೋಣ ಸ್ವಾಮಿ’ ಎನ್ನುವ ಗುತ್ತಿಗೆದಾರನನ್ನು ನಂಬಬೇಡಿ

2 ಕೋಟಿ 40 ಲಕ್ಷಕ್ಕೆ ಒಪ್ಪಿಕೊಂಡ ಕಟ್ಟಡಕ್ಕೆ 31 ಲಕ್ಷದ ಹೆಚ್ಚುವರಿ ಬಿಲ್ಲು. ಅದರ ಮೇಲೆ ಶೇ 18 ಜಿಎಸ್‌ಟಿ. ತುಮಕೂರು ಕಡೆಯ ನಮ್ಮ ಸಮುದಾಯ ಭವನಕ್ಕೆ ಬಂದ ಗತಿ ಇದು. ನಾನು ಕಟ್ಟಡ ಸಮಿತಿಯ ಖಜಾಂಚಿ. ಸರ್ವಸದಸ್ಯರ ಸಭೆಯಲ್ಲಿ, ಚಂದಾ ಕೊಟ್ಟವರ ಎದುರಿಗೆ ಈ ಬಿಲ್ಲನ್ನು ಓದಬೇಕಾದವನೂ ನಾನೇ. ‘ಖಜಾಂಚಿಗಳ ಪಾಲು ಎಷ್ಟು?’ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸಭೆ ನಕ್ಕಿತು. ನನ್ನ ಕೈಯಿಂದ ಒಂದು ರೂಪಾಯಿ ಆಚೀಚೆ ಆಗಿಲ್ಲ, ಆದರೂ ಆ ನಗುವನ್ನು ನಾನು ನುಂಗಬೇಕಾಯಿತು.

ಟೆಂಡರಿನಲ್ಲಿ ನಮ್ಮ ಗುತ್ತಿಗೆದಾರನ ಮೊತ್ತವೇ ಅತಿ ಕಡಿಮೆ. ಕಾಂಕ್ರೀಟ್, ಇಟ್ಟಿಗೆ, ಗಾರೆ, ಎಲ್ಲದರಲ್ಲೂ ಉಳಿದವರಿಗಿಂತ ಕಡಿಮೆ ದರ. ಗಟ್ಟಿ ಬಂಡೆ ಒಡೆಯುವುದಕ್ಕೆ ಮಾತ್ರ ಘನ ಮೀಟರಿಗೆ 2,200 ರೂಪಾಯಿಯ ಭಾರಿ ದರ ಬರೆದಿದ್ದ. ಟೆಂಡರಿನ ಅಂದಾಜು ಪಟ್ಟಿಯಲ್ಲಿ ಬಂಡೆ ಇದ್ದದ್ದು ಬರೀ 20 ಘನ ಮೀಟರ್. 44,000 ರೂಪಾಯಿಯ ಬಾಬತ್ತನ್ನು ಯಾರು ನೋಡುತ್ತಾರೆ? ಅಕ್ಕಪಕ್ಕದ ಎರಡು ನಿವೇಶನಗಳಲ್ಲಿ ಪಾಯ ತೆಗೆದವನು ಅವನೇ. ಕೆಳಗೆ ಏನಿದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದ.

ನೆಲಮಾಳಿಗೆಗೆ ಅಗೆಯುವಾಗ ಬಂಡೆ ಬಂತು, ಅದನ್ನು ಒಡೆಯುವ ಬ್ರೇಕರ್ ಯಂತ್ರ ಬಂತು. ಲೆಕ್ಕ ಏನು ಎಂದು ಕೇಳಿದರೆ ‘ಆಮೇಲೆ ನೋಡೋಣ ಸ್ವಾಮಿ, ಮೊದಲು ಕೆಲಸ ಆಗಲಿ’ ಎಂದ. ಕೆಲಸ ನಡೆದಂತೆ ಕಂತಿನಲ್ಲಿ ಕೊಡುವ ರನ್ನಿಂಗ್ ಬಿಲ್ಲುಗಳ ಪೈಕಿ ಮೊದಲ ಮೂರರಲ್ಲಿ ಬಂಡೆಯ ಸುದ್ದಿಯೇ ಇಲ್ಲ. ಪಾಯಕ್ಕೆ ಕಾಂಕ್ರೀಟ್ ಬಿತ್ತು, ಗೋಡೆ ಎದ್ದಿತು, ಮೊದಲ ಮೋಲ್ಡ್ ಆಯಿತು. ಎಲ್ಲವೂ ಮುಚ್ಚಿಹೋದ ಮೇಲೆ ಬಂತು ನೋಡಿ ಬಿಲ್ಲು: ಬಂಡೆ 420 ಘನ ಮೀಟರ್, 9,24,000 ರೂಪಾಯಿ.

‘ಇಷ್ಟು ಬಂಡೆ ಎಲ್ಲಿತ್ತು, ತೋರಿಸಿ’ ಎಂದೆ. ಅವನು ಚಹಾ ಲೋಟ ಕೆಳಗಿಡದೆಯೇ ಹೇಳಿದ: ‘ಕಟ್ಟಡ ಒಡೆದು ತೋರಿಸಲೇ ಸ್ವಾಮಿ?’

ಈ ಮಾತು ಇಂದಿಗೂ ಕಿವಿಯಲ್ಲಿದೆ. ಕಟ್ಟಡ ಒಡೆದು ತೋರಿಸಲೇ ಅಂತೆ!

ನೆಲಮಾಳಿಗೆಗೆ ತೋಡಿದ ಗುಂಡಿಯ ಫೋಟೋಗಳು ನನ್ನ ಮೊಬೈಲಿನಲ್ಲಿದ್ದವು. 18 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ. ಮೇಲಿನ 2 ಮೀಟರ್ ಬರೀ ಮಣ್ಣು ಎಂಬುದು ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾಗಾದರೆ ಬಂಡೆ ಇದ್ದದ್ದು ಕೆಳಗಿನ 1 ಮೀಟರಿನಲ್ಲಿ ಮಾತ್ರ, ಅಂದರೆ 216 ಘನ ಮೀಟರ್, 4,75,200 ರೂಪಾಯಿ. ಉಳಿದದ್ದು ಎಲ್ಲಿಂದ ಬಂತು? ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ನಮ್ಮ ಬಂಧುವೊಬ್ಬರು ಬಿಲ್ಲು ನೋಡಿದೊಡನೆ ಹೇಳಿದರು: ಒಡೆದ ಕಲ್ಲನ್ನು ರಾಶಿ ಹಾಕಿ ಅಳೆದರೆ ಕಲ್ಲುಗಳ ನಡುವಿನ ಖಾಲಿ ಸಂದುಗಳ ಲೆಕ್ಕಕ್ಕೆಂದು ಶೇ 50 ಕಳೆಯಬೇಕು. ಈತ ರಾಶಿಯನ್ನೇ ಅಳೆದು, ಕಳೆಯದೆ ಬರೆದಿದ್ದ. ಆ ರಾಶಿಯನ್ನು ಲೋಡುಗಟ್ಟಲೆ ಮಾರಿಯೂ ಆಗಿತ್ತು. ನಮ್ಮ ನೆಲದ ಕಲ್ಲು, ನಮ್ಮ ದುಡ್ಡಿನಲ್ಲಿ ಒಡೆದದ್ದು, ಹಣ ಅವನಿಗೆ!

ಇಷ್ಟಾದರೂ ಅಳತೆಗೆ ನಮ್ಮ ಎಂಜಿನಿಯರರ ಸಹಿ ಇತ್ತು. ಅವರ ಶುಲ್ಕ ಬಿಲ್ಲಿನ ಶೇಕಡಾವಾರು. ಬಿಲ್ಲು ಏರಿದಷ್ಟೂ ಅವರಿಗೆ ಲಾಭ. ಹೆಚ್ಚೇನೂ ಹೇಳುವುದಿಲ್ಲ.

ಇನ್ನು ವೇದಿಕೆ. ಮದುವೆ ಮಂಟಪಕ್ಕೆ ಜಾಗ ಸಾಲದು, ಐದಡಿ ಮುಂದಕ್ಕೆ ಬರಲಿ ಎಂದು ಅಧ್ಯಕ್ಷರು ನಿಂತಲ್ಲೇ ಹೇಳಿದರು. ‘ಆಗಲಿ ಸ್ವಾಮಿ, ಅದೇನು ದೊಡ್ಡ ವಿಷಯ’ ಎಂದ. ಐದಡಿಯ ಕಾಂಕ್ರೀಟಿಗೆ ಎಷ್ಟಾದೀತು ಎಂದು ನಾವು ಅಂದಾಜು ಹಾಕಿದೆವು. ಬಿಲ್ಲಿನಲ್ಲಿ ಬಂದದ್ದೇ ಬೇರೆ: ಬೀಮ್ ಜಾಗ ಬದಲಾಗಿದ್ದಕ್ಕೆ ಹೊಸ ನಕ್ಷೆ, ಕಟ್ಟಿದ್ದ ಕಬ್ಬಿಣ ಬಿಚ್ಚಿದ ಕೂಲಿ, ತುಂಡಾದ ಸರಳುಗಳು, ಸೆಂಟ್ರಿಂಗ್ ಹಲಗೆಗಳ ಹೆಚ್ಚುವರಿ ಬಾಡಿಗೆ, ಸುಮ್ಮನೆ ಕುಳಿತ ಆಳುಗಳ ಸಂಬಳ. ಪ್ರಶ್ನಿಸಿದರೆ ‘ನಿಮ್ಮ ಅಧ್ಯಕ್ಷರನ್ನೇ ಕೇಳಿ’. ಅಧ್ಯಕ್ಷರನ್ನು ಕೇಳಿದರೆ ‘ನಾನು ಸಲಹೆ ಕೊಟ್ಟೆ ಅಷ್ಟೇ’.

ಊಟದ ಮನೆಗೆ ಟೈಲ್ಸ್ ಬದಲು ಗ್ರಾನೈಟ್ ಹಾಕಿಸಿದೆವು. ಗ್ರಾನೈಟಿನ ಪೂರ್ತಿ ಹಣ ಬರೆದ, ಟೈಲ್ಸಿನದು ಕಳೆಯಲಿಲ್ಲ. ‘ಟೈಲ್ಸಿಗೆ ಮುಂಗಡ ಕೊಟ್ಟುಬಿಟ್ಟಿದ್ದೆ ಸ್ವಾಮಿ’ ಎಂದ. ರಸೀದಿ ಕೇಳಿದೆ. ಇಂದಿನವರೆಗೂ ಬಂದಿಲ್ಲ. ಕೂಡುವುದು ಅವನಿಗೆ ಚೆನ್ನಾಗಿ ಬರುತ್ತದೆ, ಕಳೆಯುವುದು ಬರುವುದಿಲ್ಲ.

ಬರಹದಲ್ಲಿ ಇಲ್ಲದ್ದಕ್ಕೆ ದುಡ್ಡು ಕೊಡಬೇಡಿ ಎಂದು ಎಲ್ಲರೂ ಸುಲಭವಾಗಿ ಹೇಳಿದರು. ವಕೀಲರು ಹಾಗೆ ಹೇಳಲಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 70ನೇ ಕಲಮನ್ನು ತೋರಿಸಿದರು: ಪುಕ್ಕಟೆಯಾಗಿ ಅಲ್ಲದೆ, ಕಾನೂನುಬದ್ಧವಾಗಿ ನಿಮಗಾಗಿ ಮಾಡಿದ ಕೆಲಸದ ಪ್ರಯೋಜನವನ್ನು ನೀವು ಪಡೆದಿದ್ದರೆ ಪರಿಹಾರ ಕೊಡಬೇಕಾಗುತ್ತದೆ. ವೇದಿಕೆಯಂತೂ ನಮ್ಮ ಕಟ್ಟಡದಲ್ಲೇ ಇದೆಯಲ್ಲ!

ಆದ್ದರಿಂದ ಕಟ್ಟಿಸುವವರು ಕೇಳಿ. ಬದಲಾವಣೆ ಏನೇ ಇರಲಿ, ಅಳತೆ, ದರ, ಎಷ್ಟು ದಿನ ಹೆಚ್ಚು, ಹಳೆಯದರಲ್ಲಿ ಎಷ್ಟು ಕಡಿತ, ಇಷ್ಟೂ ಕಾಗದದ ಮೇಲೆ ಬಂದು ಸಹಿ ಬೀಳದೆ ಆಳು ಗುದ್ದಲಿ ಮುಟ್ಟಬಾರದು. ಸೂಚನೆ ಕೊಡುವವರು ಒಬ್ಬರೇ ಇರಲಿ, ಅಧ್ಯಕ್ಷರಿಗೆ ಬಾಯಿ ಬಿಗಿಹಿಡಿಯಲು ಹೇಳಿ. ಮಣ್ಣಿನೊಳಗೆ ಹೋಗುವುದನ್ನೆಲ್ಲ ಮುಚ್ಚುವ ಮೊದಲೇ ಅಳೆಸಿ. ಟೆಂಡರಿನಲ್ಲಿ ಪ್ರಮಾಣ ಕಡಿಮೆ, ದರ ಮಾತ್ರ ಭಾರಿ ಇರುವ ಸಾಲುಗಳನ್ನು ಮೊದಲು ನೋಡಿ. ಪ್ರಮಾಣ ಒಂದು ಮಿತಿ ಮೀರಿದರೆ ದರವನ್ನು ಮತ್ತೆ ನಿಗದಿಪಡಿಸುವ ಷರತ್ತು ಸರ್ಕಾರಿ ಗುತ್ತಿಗೆಗಳಲ್ಲಿ ಇರುತ್ತದೆ, ಅದನ್ನು ಹಾಕಿಸಿ. ಎಂಜಿನಿಯರರಿಗೆ ಶೇಕಡಾವಾರು ಬೇಡವೇ ಬೇಡ.

ಫೋಟೋ ಮುಂದಿಟ್ಟ ಮೇಲೆ ಬಂಡೆಯ ಲೆಕ್ಕವನ್ನು 216ಕ್ಕೆ ಇಳಿಸಿದ. ಕ್ಷಮೆಯ ಮಾತಿಲ್ಲ, ‘ಹುಡುಗರು ತಪ್ಪು ಬರೆದಿದ್ದಾರೆ’ ಅಷ್ಟೇ. ಕಲ್ಲು ಮಾರಿದ ಹಣದ ಬಗ್ಗೆ, ಟೈಲ್ಸಿನ ಬಗ್ಗೆ ಉತ್ತರವೇ ಇಲ್ಲ. ಪ್ರತಿ ಬಿಲ್ಲಿನಲ್ಲಿ ತಡೆಹಿಡಿದ ಶೇ 5 ಭದ್ರತಾ ಹಣ ಇನ್ನೂ ನಮ್ಮಲ್ಲಿದೆ. ಅದಕ್ಕಾಗಿ ದಿನವೂ ಫೋನ್ ಮಾಡುತ್ತಾನೆ. ಆಮೇಲೆ ನೋಡೋಣ ಎಂದು ನಾನೂ ಹೇಳುತ್ತಿದ್ದೇನೆ.